ಕಾರು ಕಂಡ ಮನುಷ್ಯ

ನೀವು ನಂಬದಿದ್ದರೂ ಪರವಾಗಿಲ್ಲ. ಆ ರಾತ್ರಿ ಸ್ಟೀರಿಂಗ್ ಹಿಡಿದಿದ್ದವನು ನಾನೇ. ಹಿಂದಿನ ಸೀಟಿನಲ್ಲಿದ್ದ ಡಾಕ್ಟರಮ್ಮನೂ ಇದಕ್ಕೆ ಸಾಕ್ಷಿ. ಆದರೆ ಆ ವಿಷಯ ಎತ್ತಿದರೆ ಅವರು ಮಾತು ಮರೆಸುತ್ತಾರೆ…

ಹದಿನಾಲ್ಕು ವರ್ಷದಿಂದ ನಾನು ಅವರ ಡ್ರೈವರ್. ಗುಬ್ಬಿಯಲ್ಲಿ ಅವರ ಮನೆ, ತುಮಕೂರಿನಲ್ಲಿ ಕ್ಲಿನಿಕ್, ಗುರುವಾರ ಮಾತ್ರ ಕುಣಿಗಲ್. "ರಾಜಣ್ಣ ಬ್ರೇಕ್ ಹಾಕಿದ್ರೆ ನನ್ ನಿದ್ದೆ ಕೆಡಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಉಬ್ಬುತ್ತಿದ್ದೆನೋ!

ಆಮೇಲೆ ಹೊಸ ಕಾರು ಬಂತು. ಶೋರೂಮಿನವನು ನನ್ನೆದುರೇ ಹೇಳಿದ: "ಮೊದ್ಲು ಕಾರುಗಳು ಬರೀ ಸ್ಪೀಡ್ ಹಿಡ್ಕೊಂಡು ಹೋಗ್ತಿದ್ವು ಮೇಡಂ. ಇದು ಲೇನ್ ಬಿಡಲ್ಲ, ಅಡ್ಡ ಯಾರಾದ್ರೂ ಬಂದ್ರೆ ತಾನೇ ಬ್ರೇಕ್ ಹಾಕುತ್ತೆ. ಇನ್ನೊಂದಷ್ಟು ವರ್ಷ ಹೋದ್ರೆ ಡ್ರೈವರ್ರೇ ಬೇಕಾಗಲ್ಲ."

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ಹೊಗಳಿಕೆಯೆಲ್ಲ ಅದಕ್ಕೇ. "ನೋಡ್ದ್ಯಾ ರಾಜಣ್ಣ, ಎಷ್ಟ್ ಮೆತ್ತಗೆ ನಿಲ್ತು!" ಒಂದು ಗಾಡಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ. ಕಾರು ತೊಳೆಯುವಾಗ ಮುಂಗಾಜಿನಲ್ಲಿ ಅದರ ಕ್ಯಾಮೆರಾ ಇದ್ದ ಜಾಗವನ್ನು ಬೇಕೆಂದೇ ಒರೆಸುತ್ತಿರಲಿಲ್ಲ.

ಆ ಗುರುವಾರ ಕುಣಿಗಲ್ ಬಿಟ್ಟಾಗ ಎಂಟು ಗಂಟೆ. ಹೆಬ್ಬೂರು ದಾಟಿ, ಗುಬ್ಬಿ ಕಡೆಯ ಒಳರಸ್ತೆ. ಎರಡೂ ಬದಿ ತೆಂಗಿನ ತೋಟ. ಹಿಂದೆ ಮುಂದೆ ಒಂದು ಗಾಡಿಯೂ ಇಲ್ಲ.

ಕಾರು ಗಕ್ಕನೆ ನಿಂತಿತು. ಟಿಣ್… ಟಿಣ್… ಟಿಣ್…

ಸ್ಟೀರಿಂಗ್ ಹಿಂದಿನ ಪರದೆಯಲ್ಲಿ, ಕಾರಿನ ಎದುರಿಗೇ, ಕೆಂಪು ಬಣ್ಣದಲ್ಲಿ ಒಬ್ಬ ಮನುಷ್ಯನ ಚಿತ್ರ.

"ಯಾರಿದಾರೆ ರಾಜಣ್ಣ?"

"ಯಾರೂ ಇಲ್ಲಮ್ಮ…"

ಒರೆಸದ ಗಾಜು ನೆನಪಾಗಿ ನಾಚಿಕೆಯಾಯಿತು. ಇಳಿದು ಉಜ್ಜಿ ಉಜ್ಜಿ ಒರೆಸಿದೆ. ತೆಂಗಿನ ನಾರು ಸುಟ್ಟ ವಾಸನೆ. ಪಕ್ಕದಲ್ಲೇ ಯಾರೋ ನಿಧಾನವಾಗಿ ಉಸಿರು ಬಿಟ್ಟಂತಾಯಿತು. ಟಾರ್ಚ್ ಹಾಕಿದೆ. ಬರೀ ರಸ್ತೆ.

ಹತ್ತಿ ಕೂತು ಹೊರಟರೆ, ಎರಡಡಿ ಹೋಗಿ ಮತ್ತೆ ನಿಂತಿತು. ಚಿತ್ರ ಅಲ್ಲೇ ಇತ್ತು.

"ವಾಪಸ್ ಹೋಗಣ," ಡಾಕ್ಟರಮ್ಮ ಪಿಸುಗುಟ್ಟಿದರು. "ಅದಕ್ಕೆ ಏನೋ ಕಾಣ್ತಿದೆ ಕಣೋ. ಸುಮ್‌ಸುಮ್ನೆ ನಿಲ್ಲಲ್ಲ ಅದು."

ಅದಕ್ಕೆ ಕಾಣುತ್ತದೆ. ನನಗೆ ಕಾಣುವುದಿಲ್ಲ! ಆ ಮಾತು ಎದೆಗೆ ನಾಟಿತು.

"ಇದಕ್ಕೆ ತಲೆ ಕೆಟ್ಟಿದೆ ಬಿಡಿ. ನಾನ್ ಓಡಿಸ್ತೀನಿ" ಎಂದು ಅದರ ಬ್ರೇಕ್ ವ್ಯವಸ್ಥೆಯನ್ನು ಆಫ್ ಮಾಡಿ, ಆಕ್ಸಿಲರೇಟರ್ ಒತ್ತಿಯೇಬಿಟ್ಟೆ.

ಏನೂ ತಾಕಲಿಲ್ಲ. ಸದ್ದೂ ಆಗಲಿಲ್ಲ. ಆದರೆ ಆ ಜಾಗ ದಾಟುವಾಗ ಡಾಕ್ಟರಮ್ಮ "ಅಯ್ಯೋ…" ಎಂದು ಎರಡೂ ಕಾಲುಗಳನ್ನು ಸೀಟಿನ ಮೇಲಕ್ಕೆ ಎಳೆದುಕೊಂಡರು.

"ಏನಾಯ್ತಮ್ಮ?"

"ಓಡ್ಸು. ನಿಲ್ಲಿಸ್ಬೇಡ."

ಮರುದಿನ ಬೆಳಿಗ್ಗೆಯೇ ಒಬ್ಬನೇ ಬಸ್ಸಿನಲ್ಲಿ ಹೋದೆ. ರಸ್ತೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಅಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸನ್ನು ಕೇಳಿದೆ. "ಯಾರ್ಗೂ ಏನೂ ಆಗಿಲ್ವಲ್ಲಣ್ಣ" ಎಂದಳು. ಶೋರೂಮಿನವರು ಕಾರು ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದರು.

ಈಗ ಡಾಕ್ಟರಮ್ಮ ಆ ಬ್ರೇಕ್ ವ್ಯವಸ್ಥೆಯನ್ನು ಆನ್ ಮಾಡಲು ಬಿಡುವುದಿಲ್ಲ. "ನೀನೇ ಓಡ್ಸು ರಾಜಣ್ಣ" ಎನ್ನುತ್ತಾರೆ. ನಾನು ಬಯಸಿದ್ದೂ ಅದನ್ನೇ.

ಆದರೆ ಗುರುವಾರ ರಾತ್ರಿ ಆ ತೋಟದ ಹತ್ತಿರ ಬಂದಾಗ ನನ್ನ ಬಲಗಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ. ಕಾರು ನಿಲ್ಲುತ್ತದೆ. ಎದುರಿಗೆ ಏನೂ ಕಾಣುವುದಿಲ್ಲ. ಯಾಕೆ ನಿಲ್ಲಿಸಿದೆ ಎಂದು ಡಾಕ್ಟರಮ್ಮ ಕೇಳುವುದಿಲ್ಲ.

ಕಾಲು ಎತ್ತಲು ನೋಡುತ್ತೇನೆ… ಬರುವುದಿಲ್ಲ. ಅದಾಗಿಯೇ ಏಳುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿರುತ್ತೇವೆ.