ಎಣಿಸಬಾರದ ಮಂದೆ

ಮೊನ್ನೆ ಮೊಳಕಾಲ್ಮುರು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಕಂಬಳಿ ಮಳೆಗೆ ನೆನೆದಿತ್ತು. ಆ ಉಣ್ಣೆಯ ವಾಸನೆಗೆ ಮೇಷ್ಟ್ರು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೆನಪಾಯಿತು...

ಇಂಥದೇ ನೆನೆದ ಕಂಬಳಿ ಹೊದ್ದು, ಚಳ್ಳಕೆರೆಯಲ್ಲಿ ನನ್ನ ಎಣ್ಣೆ ಮಿಲ್ಲಿನ ಮೇಲಿನ ಕೋಣೆಗೆ ಬಾಡಿಗೆಗೆ ಬಂದಿದ್ದರು. ದೇವಸಮುದ್ರದ ಕಡೆಯ ಕುರಿಗಾರರ ಮಗ, ಕಾಲೇಜಿನಲ್ಲಿ ತಾತ್ಕಾಲಿಕ ಪಾಠ. ಪಿಎಚ್‌.ಡಿ. ಆಗದಿದ್ದರೆ ಅದೂ ಉಳಿಯುವುದಿಲ್ಲ ಅನ್ನುತ್ತಿದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಶೇಂಗಾ ಚೀಲ ಹೊತ್ತು ಮಿಲ್ಲು ಕಟ್ಟಿದವನು. ದುಡಿಯುವವನಿಗೆ ಇನ್ನೊಬ್ಬರ ಸಹಿ ಯಾಕೆ ಬೇಕೋ ನನಗೆ ತಿಳಿಯುತ್ತಿರಲಿಲ್ಲ. ಅವರಿಗೆ ಬೇಕಿತ್ತು, ಪಿಎಚ್‌.ಡಿ. ಅರ್ಜಿಯ ಮೇಲೆ ಗೈಡ್ ಆಗುವ ಪ್ರೊಫೆಸರರ ಸಹಿ. ಕುರಿ ಮಂದೆಗಳ ಅಲೆದಾಟದ ಮೇಲೆ ಸಂಶೋಧನೆ ಮಾಡುತ್ತೇನೆಂದರೆ ಪ್ರೊಫೆಸರುಗಳೆಲ್ಲ ನಕ್ಕು ಕಳಿಸುತ್ತಿದ್ದರು. ಕೊನೆಗೊಬ್ಬರು ಗೈಡ್ ಆಗಲು ಅರ್ಧ ಒಪ್ಪಿದರು. ಆ ದಿನ ಜೊತೆಗೆ ನಾನೂ ಹೋಗಿದ್ದೆ.

“ನಿಮ್ಮಪ್ಪನ ಮಂದೆಯಲ್ಲಿ ಕುರಿ ಎಷ್ಟಿವೆ, ಮೊದಲು ಎಣಿಸ್ಕೊಂಡು ಬಾ. ಅಷ್ಟೂ ಆಗದವನು ಏನು ಸಂಶೋಧನೆ ಮಾಡ್ತೀಯ?” ಅಂದರು.

ಮೇಷ್ಟ್ರ ಮುಖ ಬಿಳಿಚಿತು. ಅವರ ಮನೆತನದಲ್ಲಿ ಕುರಿ ಎಣಿಸುವುದಿಲ್ಲ. ಸಂಜೆ ಮುಖ ನೋಡಿಯೇ ಯಾವುದು ಬಂದಿಲ್ಲವೆಂದು ಹೇಳುತ್ತಾರೆ. ಎಣಿಸಿದರೆ ಮಂದೆಗೆ ಕೇಡು ಅಂತ ನಂಬಿಕೆ. ಆದರೂ ಎಣಿಸಿದರು. ಬೆಳಿಗ್ಗೆ ರೊಪ್ಪದ ಬಾಗಿಲಿಂದ ಕುರಿಗಳು ಒಂದೊಂದಾಗಿ ಹೊರಬೀಳುವಾಗ ಮಗನ ತುಟಿ ಅಲುಗುವುದನ್ನು ತಂದೆ ಕಂಡರಂತೆ. ಕೋಲು ಹಿಡಿದು ಮಂದೆಯ ಹಿಂದೆ ನಡೆದರಂತೆ.

ಆ ಮಳೆಗಾಲ ನಾಲಿಗೆ ನೀಲಿಗಟ್ಟುವ ರೋಗ ಬಂದು ಅವರಪ್ಪನ ಕುರಿಗಳು ಸಾಲಾಗಿ ಸತ್ತವು. ಯಾರೂ ಎಣಿಸದ ಮಂದೆಗಳಲ್ಲೂ ಕುರಿ ಸತ್ತವು, ಆದರೆ ಅದನ್ನು ಕೇಳುವವರು ಯಾರು? ಮೇಷ್ಟ್ರನ್ನು ನನ್ನ ಗಾಡಿಯಲ್ಲಿ ಊರಿಗೆ ಕರೆದೊಯ್ದಾಗ ಅವರಪ್ಪ ಗುಂಡಿ ತೋಡುತ್ತಿದ್ದರು. ತಲೆ ಎತ್ತಲಿಲ್ಲ.

“ಉಳಿದವ್ನೂ ಎಣಿಸ್ಕಂಡು ಹೋಗಪ್ಪ. ಈಗ ಸಲೀಸೈತೆ.”

ತಂಬಿಗೆ ಹಿಡಿದು ಬಂದ ಅವ್ವನನ್ನು ಕಣ್ಣಲ್ಲೇ ಒಳಗೆ ಕಳಿಸಿದರು.

ಗೈಡಿಗೆ ಸುದ್ದಿ ಹೇಳಿದೆವು. ಆ ಮನುಷ್ಯ ಅಂದೇ ಮೊದಲು ಕುರ್ಚಿ ತೋರಿಸಿದ್ದು. “ಎಷ್ಟು ಸತ್ತವು, ಎಷ್ಟು ಉಳಿದವು, ಬರೆದು ತಾ. ವಿಷಯ ಅಂದ್ರೆ ಇದು ಕಣಯ್ಯ,” ಅಂದು ಸಹಿಗೆ ಪೆನ್ನು ತೆಗೆದರು. ವರ್ಷಗಟ್ಟಲೆ ಕಾದ ಸಹಿ... ಮೇಷ್ಟ್ರು ಕೂರಲಿಲ್ಲ. ನಿಂತಲ್ಲೇ ಕೈ ಮುಗಿದು ಹೊರಬಂದರು.

ಕಾಲೇಜಿನ ಪಾಠ ಹೋಯಿತು. ಮೊಳಕಾಲ್ಮುರಿನಲ್ಲಿ ಟ್ಯೂಷನ್ ಹೇಳಿಕೊಂಡು ಬದುಕಿದರು. ಅಪ್ಪನ ಮಣ್ಣಿಗೆ ಹೋದಾಗ ಅಣ್ಣತಮ್ಮಂದಿರು ಹತ್ತಿರ ಸೇರಿಸಲಿಲ್ಲ.

ಮೊನ್ನೆ ನಾನು ಹೊರಟದ್ದು ಮೇಷ್ಟ್ರ ಮಣ್ಣಿಗೇ. ತಡವಾಯಿತು, ಮುಖ ಸಿಗಲಿಲ್ಲ. ಶಿಷ್ಯರು ಕಟ್ಟಿದ್ದ ಫ್ಲೆಕ್ಸಿನಲ್ಲಿ ಹೆಸರಿನ ಮುಂದೆ ‘ಡಾ.’ ಅಂತಿತ್ತು. ತೆಗೀರಿ ಅಂದೆ, ಹೋದವರಿಗೆ ಇರಲಿ ಬಿಡ್ರಿ ಅಂದರು. ಕೈಗೆ ಬಂದಾಗ ಬೇಡವೆಂದು ಕೈ ಮುಗಿದು ಬಂದವರು ಅವರು. ಅಂಗಡಿಯಿಂದ ಬಿಳಿ ಕಾಗದ ತರಿಸಿ, ಏಣಿ ಹತ್ತಿ, ಆ ಅಕ್ಷರದ ಮೇಲೆ ನಾನೇ ಅಂಟಿಸಿದೆ.