ಅಪ್ಪನ ಒಂದೂವರೆ ನಿಮಿಷ

ಅಪ್ಪನ ಧ್ವನಿ ಎರಡು ಗಂಟಲುಗಳಲ್ಲಿತ್ತು. ಒಂದು ಅವರದು, ಇನ್ನೊಂದು ನನ್ನದು. ಕಳೆದ ವರ್ಷ ಕ್ಯಾನ್ಸರ್ ಎಂದು ಡಾಕ್ಟರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ನನ್ನದೊಂದೇ ಉಳಿಯಿತು. ಅದು ಡುಪ್ಲಿಕೇಟು.

ನಾನು ಮಿಮಿಕ್ರಿಯವನು. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ‘ಭದ್ರಾವತಿ ಭದ್ರಾವತಿ ಭದ್ರಾವತಿ’ ಎಂದು ಒಂದೇ ಉಸಿರಿಗೆ ಕೂಗುವ ಕಂಡಕ್ಟರು, ಮಂತ್ರದ ನಡುವೆ ಫೋನೆತ್ತಿ ‘ಲಗ್ನದಲ್ಲಿದೀನಿ, ಇಡು’ ಎನ್ನುವ ಪುರೋಹಿತರು, ಮೂಗು ಕಟ್ಟಿದಾಗಿನ ನಾನು, ಯಾರನ್ನೂ ಬಿಟ್ಟವನಲ್ಲ. ಗಣಪತಿ ಪೆಂಡಾಲುಗಳಲ್ಲಿ ಹೆಚ್ಚು ಚಪ್ಪಾಳೆ ಗಿಟ್ಟಿಸುತ್ತಿದ್ದುದು ಮಾತ್ರ ಅಪ್ಪ: “ಲೇ, ಆ ಲೈಟು ಯಾರು ಆಫ್ ಮಾಡ್ಬೇಕು? ನಿಮ್ಮಪ್ಪ ಬರ್ಬೇಕಾ?” ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ನಗುತ್ತಿದ್ದವರೂ ಅವರೇ.

ಆಸ್ಪತ್ರೆಯಿಂದ ಕಳಿಸುವಾಗ ಟಾರ್ಚಿನಂಥ ಒಂದು ಯಂತ್ರ ಕೊಟ್ಟಿದ್ದರು. ಕತ್ತಿಗೆ ಒತ್ತಿ ಹಿಡಿದು ತುಟಿಯಾಡಿಸಿದರೆ ಅದರ ಅದುರುವಿಕೆಯೇ ಮಾತಾಗುತ್ತದೆ; ಏರಿಳಿತವಿಲ್ಲದ, ದುಂಬಿ ಮಾತಾಡಿದಂಥ ಮಾತು. ಮೊದಲ ದಿನ ಊಟಕ್ಕೆ ಕೂತಾಗ ಅಪ್ಪ ಅದನ್ನು ಒತ್ತಿಕೊಂಡು “ಉಪ್ಪು ಕೊಡು” ಎಂದರು. ನಾನು ಒಂದು ಚಮಚವನ್ನು ಕತ್ತಿಗೊತ್ತಿಕೊಂಡು ಅದೇ ಧ್ವನಿಯಲ್ಲಿ “ತಗೊಳ್ಳಿ” ಎಂದೆ. ಬಹಳ ಚೆನ್ನಾಗಿ ಬಂತು. ಅಮ್ಮನಿಗೆ ತಡೆಯಲಾಗದೆ ನಗು ಬಂತು. ಅಪ್ಪನೂ ನಕ್ಕರು. ಕೈತೊಳೆದು ಬಂದು ಯಂತ್ರವನ್ನು ಬಟ್ಟೆಯಲ್ಲಿ ಒರೆಸಿ, ಶೋಕೇಸಿನ ಡ್ರಾಯರಿನಲ್ಲಿಟ್ಟರು. ಮತ್ತೆ ತೆಗೆಯಲಿಲ್ಲ.

ಆಮೇಲೆ ಸ್ಲೇಟು. ಒಂದು ವಾರ ಬರೆದರು, ಎರಡನೆಯ ವಾರ ತಲೆಯಾಡಿಸಿದರು, ಮೂರನೆಯ ವಾರ ಗೋಡೆಯ ಕಡೆ ತಿರುಗಿ ಮಲಗಿದರು. ಮಾತಿನ ತರಬೇತಿ ಕೊಡುವ ಮೇಡಮ್ ನನ್ನನ್ನು ಹೊರಗೆ ಕರೆದು ಹೇಳಿದರು: “ನೋಡಿ, ಮಾತಾಡೋ ಆಸೆನೇ ಬಿಟ್ಬಿಟ್ರೆ ನಮ್ಮ ಕೈಲಿ ಏನೂ ಆಗಲ್ಲ.” ಜಗತ್ತಿನಲ್ಲಿ ಇಷ್ಟೊಂದು ಚಮಚಗಳಿವೆ. ನಾನು ಎತ್ತಿದ್ದು ಆ ಒಂದನ್ನು.

ಮೇಡಮ್ಮೇ ಒಂದು ಆ್ಯಪ್ ತೋರಿಸಿದರು. ಹಳೆಯ ಧ್ವನಿಯನ್ನು ಒಂದು ನಿಮಿಷದಷ್ಟು ಶುದ್ಧವಾಗಿ ಕೇಳಿಸಿದರೆ, ಟೈಪ್ ಮಾಡಿದ್ದನ್ನು ಫೋನು ಅದೇ ಧ್ವನಿಯಲ್ಲಿ ಓದುತ್ತದೆ. ಮನೆಯ ಫೋನುಗಳನ್ನೆಲ್ಲ ಜಾಲಾಡಿದೆ. ಎಲ್ಲ ವಿಡಿಯೊಗಳಲ್ಲೂ ಕ್ಯಾಮೆರಾ ಹಿಡಿದವರು ಅಪ್ಪ. ಸಿಕ್ಕಿದ್ದು ‘ಹೂಂ’, ‘ಸ್ವಲ್ಪ ಈ ಕಡೆ’ ಮತ್ತು ಕೆಮ್ಮು. ಆಗ ಅಮ್ಮ ಟ್ರಂಕಿನ ತಳದಿಂದ, ರೇಷ್ಮೆ ಸೀರೆಗಳ ನಡುವಿನಿಂದ, ಒಂದು ಗ್ರಾಮಫೋನ್ ರೆಕಾರ್ಡು ತೆಗೆದರು. ಅಪ್ಪ ಭದ್ರಾವತಿ ಕಾಗದದ ಕಾರ್ಖಾನೆಯ ಕೆಲಸಕ್ಕೆ ಸೇರಿ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದ ಕಾಲದ್ದು, ಮದುವೆಗೂ ಮುಂಚಿನದು. ಅಲ್ಲಿನ ಭಜನಾ ತಂಡದವರು ಹುಮ್ಮಸ್ಸಿನಲ್ಲಿ ಮಾಡಿಸಿದ ರೆಕಾರ್ಡಿನ ಶುರುವಿನಲ್ಲಿ ಅಪ್ಪನ ಪೀಠಿಕೆಯಿದೆ. ಒಂದೂವರೆ ನಿಮಿಷ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಬರೀ ಅಪ್ಪ. ಬೆಂಗಳೂರಿಗೆ ಕಳಿಸಿ ಅದನ್ನು ಫೋನಿಗೆ ಇಳಿಸಿ ತರಿಸೋಣವೆಂದರೆ ಗೋಡೆಯ ಕಡೆಯಿಂದಲೇ ಅಪ್ಪನ ಕೈ ಅಡ್ಡಡ್ಡ ಆಡಿತು. ಇರುವುದು ಒಂದೇ ಪ್ರತಿ. ಮನೆ ದಾಟಬಾರದು.

ದುರ್ಗಿಗುಡಿಯ ಹಿಂದಿನ ಗಲ್ಲಿಯಲ್ಲಿ ರೇಡಿಯೊ ರಿಪೇರಿ ಮಾಡುವ ಚಾಚಾ ತಮ್ಮ ರೆಕಾರ್ಡ್ ಪ್ಲೇಯರನ್ನು ಎರವಲು ಕೊಡಲು ಒಪ್ಪಿದರು.

“ಪ್ಲೇಯರ್ ಏನೋ ಐತೆ ಬೇಟಾ. ಮುಳ್ಳು ಮಾತ್ರ ನವಾಬ. ಮೂವಿಂಗ್ ಕಾಯಿಲ್ ಅಂತಾರೆ. ಒಳಗೆ ಕೂದಲಿನಂಥ ತಂತಿ ಸುತ್ತಿರ್ತಾರೆ. ಎಲ್ಲಾ ಕೇಳಿಸ್ಕೊಳ್ತಾನೆ, ಜೋರಾಗಿ ಹೇಳೋದೇ ಇಲ್ಲ.”

“ಎಷ್ಟು ಮೆಲ್ಲಗೆ ಚಾಚಾ?”

“ಹೊಸ ಸೊಸೆ ಅತ್ತೆ ಮುಂದೆ ಮಾತಾಡ್ತಾಳಲ್ಲ, ಅದ್ರಲ್ಲಿ ಹತ್ತನೇ ಒಂದು ಪಾಲು. ಮಾಮೂಲಿ ಆಂಪ್ಲಿಫೈಯರಿಗೆ ಕೇಳ್ಸೋದೇ ಇಲ್ಲ. ಅದರ ಮುಂದೆ ಸದ್ದು ಎತ್ತಿಕೊಡೋ ಇನ್ನೊಂದು ಪ್ರೀಆಂಪ್ ಕಟ್ಬೇಕು.”

“ಬೇರೆ ಮುಳ್ಳು ಇಲ್ವಾ?”

“ಐತೆ, ಸವೆದೋಗೈತೆ. ಹಾಕು, ನಿಮ್ಮಪ್ಪನ ಮೇಲೆ ನೇಗಿಲು ಹೊಡೆಯುತ್ತೆ.”

ಚಾಚಾ ಮದುವೆ ಕಾರ್ಡಿನ ಹಿಂದೆ ಸರ್ಕ್ಯೂಟು ಬರೆದುಕೊಟ್ಟರು. ಮೊದಲ ಹಂತದಲ್ಲಿ ಒಂದರ ಪಕ್ಕ ಒಂದು ನಾಲ್ಕು ಟ್ರಾನ್ಸಿಸ್ಟರು, ಪಿಸುಮಾತನ್ನು ಎತ್ತಿಕೊಳ್ಳಲು. ಎರಡನೆಯ ಹಂತ ದಪ್ಪ ಸ್ವರ, ಸಣ್ಣ ಸ್ವರಗಳನ್ನು ಸರಿದೂಗಿಸಲು. ರೆಕಾರ್ಡು ಕೊರೆಯುವಾಗ ದಪ್ಪ ಸ್ವರವನ್ನು ತಗ್ಗಿಸಿ ಸಣ್ಣದನ್ನು ಹಿಗ್ಗಿಸಿರುತ್ತಾರಂತೆ, ಅದನ್ನು ಹಿಂದಕ್ಕೆ ತರಬೇಕು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಪರೀಕ್ಷೆಯಲ್ಲಿ ಪಾಸಾದದ್ದು ಹೇಗೆಂದು ನನಗೂ ಮೇಷ್ಟ್ರಿಗೂ ಇನ್ನೂ ತಿಳಿದಿಲ್ಲ. ಆದರೂ “ಒಂದು ವಾರ ಅಪ್ಪ” ಎಂದು ಗೋಡೆಗೆ ಹೇಳಿದೆ.

ಮೊದಲ ಬೋರ್ಡು ಹೊಗೆಯಾಡಿತು. ಎರಡನೆಯದು ಮೌನವ್ರತ ಹಿಡಿಯಿತು. ಮೂರನೆಯದು ಕೆಲಸ ಮಾಡಿತು, ಅಂದರೆ ಗುಂಯ್ ಎಂದಿತು. ಲೋಹದ ಡಬ್ಬಿಯೊಳಗಿಡು ಎಂದು ಚಾಚಾ ಹೇಳಿದ್ದರಿಂದ ಅಮ್ಮನ ಕೋಡುಬಳೆ ಡಬ್ಬಿಯನ್ನು ಖಾಲಿ ಮಾಡಿದ್ದೆ. ದಪ್ಪನೆಯ ಸ್ಟೇನ್‌ಲೆಸ್ ಸ್ಟೀಲು, ಫಳಫಳ. ಬೋರ್ಡು, ಕರೆಂಟಿನ ಟ್ರಾನ್ಸ್‌ಫಾರ್ಮರು ಎರಡನ್ನೂ ಒಳಗಿಟ್ಟು ಮುಚ್ಚಳ ಹಾಕಿದೆ. ಗುಂಯ್. ಅರ್ಥ್ ತಂತಿ ಬದಲಿಸಿದೆ. ಗುಂಯ್. ಫ್ರಿಜ್ಜು, ಫ್ಯಾನು ನಿಲ್ಲಿಸಿದೆ. ಅಮ್ಮನ ಮಿಕ್ಸಿಯ ಪ್ಲಗ್ಗು ಕಿತ್ತೆ, ಆವತ್ತು ಚಟ್ನಿ ಇರಲಿಲ್ಲ. ಗುಂಯ್. ಒಂದು ಸಲ ಮಧ್ಯಾಹ್ನ ಕರೆಂಟು ಹೋಗಿ ಗುಂಯ್ ನಿಂತಿತು, ಕೂಗಿಬಿಟ್ಟೆ. ನೋಡಿದರೆ ರೆಕಾರ್ಡೂ ನಿಂತಿತ್ತು.

ಗುಂಯ್‌ನ ಹಿಂದೆ ಅಪ್ಪ ಇದ್ದರು. ಹಿಟ್ಟಿನ ಗಿರಣಿಯ ಆಚೆ ನಿಂತು ಯಾರೋ ಏನೋ ಹೇಳುತ್ತಿರುವ ಹಾಗೆ. ಆ್ಯಪಿಗೆ ಕೇಳಿಸಿದೆ. ‘ಹಿನ್ನೆಲೆಯ ಸದ್ದು ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ.’ ಎಷ್ಟು ಸಲ ಪ್ರಯತ್ನಿಸಿದೆನೋ. ಆ ಗುಂಯ್ ನನ್ನ ಗಂಟಲಿಗೇ ಇಳಿದುಬಿಟ್ಟಿತ್ತು. ಸ್ನಾನ ಮಾಡುವಾಗ ಅದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿದ್ದೆ. ಒಂದು ವಾರವೆಂದವನಿಗೆ ಐದನೆಯ ವಾರ. ಅಪ್ಪ ಕಾಫಿಗೂ ಎದ್ದು ಬರುವುದನ್ನು ಬಿಟ್ಟಿದ್ದರು. ಅಮ್ಮ ಲೋಟ ಒಳಗಿಟ್ಟು ಬರುವುದು, ಸಂಜೆ ಕೆನೆಗಟ್ಟಿದ ಲೋಟವನ್ನು ಹಾಗೇ ತರುವುದು.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಬಾಗಿಲು ಹಾಕಿಕೊಂಡು, ದಿನಪತ್ರಿಕೆಯ ಒಂದು ಪುಟವನ್ನು ಅಪ್ಪನ ಧ್ವನಿಯಲ್ಲಿ ನಾನೇ ಆ್ಯಪಿಗೆ ಓದಿದೆ. ಮೊದಲ ಸಲಕ್ಕೇ ಒಪ್ಪಿಕೊಂಡಿತು. ಅಪ್ಪನ ಹಾಸಿಗೆಯ ಅಂಚಿನಲ್ಲಿ ಕೂತು, “ರೆಡಿ ಆಯ್ತಪ್ಪ, ಕೇಳಿ” ಎಂದವನೇ ‘ಕಾಫಿ ಕೊಡ್ತೀಯಾ?’ ಎಂದು ಟೈಪ್ ಮಾಡಿ ಒತ್ತಿದೆ.

ಫೋನು ಅಪ್ಪನ ಧ್ವನಿಯಲ್ಲಿ ಕಾಫಿ ಕೇಳಿತು. ಅಡಿಗೆಮನೆಯಿಂದ ಅಮ್ಮ ಸಿಡುಕಿದರು: “ಸಾಕು ಕಣೋ ನಿನ್ನ ಚೇಷ್ಟೆ! ಅವರ ಮುಂದೆ ಬೇಡ ಅಂದಿಲ್ವಾ?”

ಅಪ್ಪ ಈ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ಸ್ಲೇಟಿಗೆ ಕೈ ಹಾಕಿದರು. ‘ಇದು ನೀನು.’

ಗುಂಯ್ ವಿಷಯ ಹೇಳಿದೆ, ಐದು ವಾರದ್ದನ್ನೂ ಹೇಳಿದೆ, ಚಮಚದ ವಿಷಯ ಹೇಳಲು ಹೋಗಿ ಅತ್ತುಬಿಟ್ಟೆ. ಅಪ್ಪ ಕೇಳಿಸಿಕೊಂಡರೋ ಇಲ್ಲವೋ, ಎದ್ದು ಪಂಚೆ ಬಿಗಿದುಕೊಂಡು ನನ್ನ ರೂಮಿಗೆ ನಡೆದರು. ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಡಬ್ಬಿಯನ್ನು ಸುತ್ತ ತಿರುಗಿಸಿ ನೋಡಿದರು. ಹೋಗಿ ಫ್ರಿಜ್ಜಿನ ಬಾಗಿಲಿನಿಂದ ಜೋಗದ ಚಿತ್ರದ ಮ್ಯಾಗ್ನೆಟ್ಟು ಕಿತ್ತು ತಂದು ಡಬ್ಬಿಗೆ ಅಂಟಿಸಿದರು. ಬಿತ್ತು. ಮತ್ತೆ ಅಂಟಿಸಿದರು. ಬಿತ್ತು. ನನ್ನ ಮುಖ ನೋಡಿದರು. ಮೂರನೆಯ ಸಲ ಅಂಟಿಸಿ, ಬೀಳುವ ಮೊದಲೇ ಕೆಳಗೆ ಅಂಗೈ ಒಡ್ಡಿ ನಿಂತರು. ಸ್ಲೇಟಿನಲ್ಲಿ ಬರೆದರು: ‘ಕಬ್ಬಿಣ ಬೇಕು.’

ಅಯಸ್ಕಾಂತ ಹಿಡಿಯದ ಲೋಹ ಟ್ರಾನ್ಸ್‌ಫಾರ್ಮರಿನ ಗುಂಯ್ ಅನ್ನು ತಡೆಯುವುದಿಲ್ಲ. ಉಕ್ಕಿನ ಊರಾದ ಭದ್ರಾವತಿಯಲ್ಲಿ ಹುಟ್ಟಿದವನು ನಾನು. ಕೋಡುಬಳೆ ಡಬ್ಬಿಯನ್ನು ನಂಬಿದ್ದೆ.

ಮರುದಿನ ಬೆಳಿಗ್ಗೆ ಇಬ್ಬರೂ ಭದ್ರಾವತಿ ಬಸ್ಸು ಹತ್ತಿದೆವು. ಅಪ್ಪ ಮನೆ ಬಿಟ್ಟು ಹೊರಟದ್ದೇ ತಿಂಗಳುಗಳ ಮೇಲೆ. ಕತ್ತಿನ ರಂಧ್ರ ಕಾಣದಂತೆ ಮಫ್ಲರ್ ಸುತ್ತಿಕೊಂಡಿದ್ದರು. ಅವರ ಹಳೆಯ ಜೊತೆಗಾರರೊಬ್ಬರು ಅಲ್ಲಿ ಲೇತ್ ಯಂತ್ರದ ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ, ತಮಿಳು ಮನೆಮಾತಿನವರು. ಏನು ಹೇಳುವುದು, ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ನಿಂತು, “ಸರ್, ನಮ್ಮಪ್ಪನಿಗೆ ಆಪರೇಷನ್ ಆಗಿ...” ಎನ್ನುವಷ್ಟರಲ್ಲಿ ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಎರಡು ಕೈಗಳನ್ನು ಎತ್ತಿದರು.

ಕೈಗಳು ಮಾತಾಡತೊಡಗಿದವು. ಬೆರಳು ಮಡಚಿ, ಹಣೆಗೆ ತಟ್ಟಿ, ಗಾಳಿಯಲ್ಲಿ ಚಕ್ರ ಸುತ್ತಿ, ಹೆಬ್ಬೆರಳಿಂದ ಹಿಂದಕ್ಕೆ ನನ್ನ ಕಡೆ ತೋರಿಸಿ. ಆ ಕಡೆಯಿಂದಲೂ ಅಷ್ಟೇ ವೇಗದ ಉತ್ತರ. ಅಪ್ಪನ ಹೆಗಲು ಕುಲುಕಿತು. ನಗುತ್ತಿದ್ದರು.

“ಇದೇನ್ ಸರ್?”

“ಪೇಪರ್ ಮಿಷನ್ ಪಕ್ಕ ನಿಂತ್ರೆ ಕಿವಿ ಎಲ್ಲಿ ಕೇಳುತ್ತೆ ತಂಬಿ? ಶಿಫ್ಟ್ ಪೂರಾ ನಾವು ಹಿಂಗೇ ಜಗಳ ಆಡಿದೋರು.”

“ಈಗ ಏನಂತಿದಾರೆ?”

“ನಿನ್ ಬಗ್ಗೇನೇ. ಡಿಪ್ಲೊಮಾ ಮಾಡಿ ತಿಂಡಿ ಡಬ್ಬಿಗೆ ವೈರ್ ಕಟ್ಟಿದಾನೆ ಅಂತಾರೆ.”

ಮಿಮಿಕ್ರಿಯವನಲ್ಲವೇ, ಅಪ್ಪನ ಒಂದು ಸನ್ನೆಯನ್ನು ಹಾಗೇ ಮಾಡಿ ತೋರಿಸಿದೆ. ಆತ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು. “ಅಯ್ಯಯ್ಯೋ ಬೇಡ! ಅದು ಫೋರ್‌ಮನ್‌ಗೆ ಬೈಯೋದು.” ಕೊನೆಗೆ ನನ್ನ ಯೋಗ್ಯತೆಗೆ ತಕ್ಕುದೆಂದು ಒಂದೇ ಒಂದು ಸನ್ನೆ ಕಲಿಸಿದರು: ಎಡಗೈಯ ಮೊಣಕೈಗೆ ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಟೀ. ಕ್ಯಾಂಟೀನಿನವನು ಕೆಟಲನ್ನು ಮೊಣಕೈಗೆ ನೇತುಹಾಕಿಕೊಂಡು ಬರುತ್ತಿದ್ದನಂತೆ.

“ಕಾಫಿಗೆ?”

“ಕಾಫಿ ಎಲ್ಲಿ ಕೊಡ್ತಿದ್ರು ತಂಬಿ?”

ಅಪ್ಪನ ಸನ್ನೆಯಂತೆ ದಪ್ಪ ಕಬ್ಬಿಣದ ಪೈಪು ಗೇಣುದ್ದ ಕತ್ತರಿಸಿ, ಎರಡು ತುದಿಗೂ ತಗಡು ಕೂರಿಸಿದರು. ಟ್ರಾನ್ಸ್‌ಫಾರ್ಮರಿಗೆ ಬೇರೆಯದೇ ಕಬ್ಬಿಣದ ಪೆಟ್ಟಿಗೆ. ಮನೆಗೆ ಬಂದು ಬೋರ್ಡನ್ನು ಪೈಪಿನೊಳಗೆ ಸೇರಿಸಿ, ಪೆಟ್ಟಿಗೆಯನ್ನು ಒಂದು ಮಾರು ದೂರ ಇಟ್ಟೆ. ಸ್ವಿಚ್ ಹಾಕಿದೆ. ಸದ್ದಿಲ್ಲ. ಇದೂ ಸುಟ್ಟುಹೋಯಿತೆಂದುಕೊಂಡೆ. ಅಪ್ಪ ಮುಳ್ಳಿನ ಕಡೆ ಬೆರಳು ತೋರಿಸಿದರು. ಇಳಿಸಿದೆ.

ಚಿಟಚಿಟ ಎಂದಿತು. ಆಮೇಲೆ ಯಾರೋ ಉಸಿರೆಳೆದುಕೊಂಡರು. “ಕಲಾಭಿಮಾನಿಗಳೇ...”

ತೆಳ್ಳಗಿನ ಧ್ವನಿ. ಸ್ವಲ್ಪ ಹೆದರಿದ್ದು. ವಾಕ್ಯದ ನಡುವೆ, ನಿಲ್ಲಬಾರದ ಕಡೆ ನಿಂತು ಉಸಿರೆಳೆಯುತ್ತಿತ್ತು. ನಾನು ಇಷ್ಟು ವರ್ಷ ಚಪ್ಪಾಳೆ ಗಿಟ್ಟಿಸಿದ ದಪ್ಪ ಗದರಿಕೆ ಅದರಲ್ಲಿ ಎಲ್ಲೂ ಇರಲಿಲ್ಲ. ನನ್ನದು ನಕಲೂ ಅಲ್ಲ; ಮೂರು ಪಾಳಿ ದುಡಿದು ಬಂದವರ ಸುಸ್ತನ್ನು ಮಾತ್ರ ಕದ್ದಿದ್ದೆ. ಅಪ್ಪ ತುಟಿಯಾಡಿಸುತ್ತಿದ್ದರು. ಪೀಠಿಕೆ ಅವರಿಗೆ ಇನ್ನೂ ಬಾಯಿಪಾಠವಿತ್ತು.

ಆ್ಯಪು ಒಪ್ಪಿಕೊಂಡಿತು. ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. “ಲೇ, ಲೈಟು ಆಫ್ ಮಾಡೋ” ಎಂದಿತು ಫೋನು, ನನಗಿಂತ ಚಿಕ್ಕ ವಯಸ್ಸಿನವನೊಬ್ಬನ ಧ್ವನಿಯಲ್ಲಿ.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು. ನನ್ನ ಕಡೆ ನೋಡಲಿಲ್ಲ.

“ಎಂತ ಅಂದ್ರಿ?”

ಅಪ್ಪ ಅಮ್ಮನನ್ನು ನೋಡಿದರು, ಫೋನನ್ನು ನೋಡಿದರು. ಅದನ್ನು ಮೆಲ್ಲಗೆ ಮಕಾಡೆ ಇಟ್ಟು, ಎಡಗೈಯ ಮೊಣಕೈಗೆ ಎರಡು ಸಲ ತಟ್ಟಿದರು.

“ಎಂತದು ಅದು? ಕೈ ನೋವಾ?” ಅಮ್ಮ ಈಗ ನನ್ನ ಕಡೆ ತಿರುಗಿದರು.

“ಟೀ ಕೇಳ್ತಿದಾರಮ್ಮ” ಎಂದೆ, ನನ್ನದೇ ಧ್ವನಿಯಲ್ಲಿ.

“ಈ ಮನೇಲಿ ಯಾವತ್ತು ಟೀ ಕುಡಿದಿದಾರೆ ಮಾರಾಯ? ಕಾಫಿ ಅಂತಾರೇನೋ, ಸರಿಯಾಗಿ ಕೇಳು.”

“ಕಾಫಿಗೆ ಸನ್ನೆ ಇಲ್ಲಮ್ಮ.”

ಅಪ್ಪ ನನ್ನ ಕಡೆ ನೋಡಿ ಮತ್ತೆ ತಟ್ಟಿದರು. ಈ ಸಲ ಜೋರಾಗಿ.