ಮುಯ್ಯಾಳಿಗೆ ಕರೆದ ದಿನ

ಭವ್ಯಾ, ಆ ದಿನ ಅರಸೀಕೆರೆಗೆ ಹೊರಟಿದ್ದ ನಮ್ಮೂರ ಹೆಂಗಸರನ್ನು ತಡೆದವಳು ನಾನು. ನಿನ್ನ ಅಜ್ಜಿ. ಬೇರೆ ಯಾರೂ ಅಲ್ಲ.

ಡೆಲ್ಲಿಯ ಸಮಿತಿಯವರು ಮಾತಾಡಲು ನಿನ್ನನ್ನೇ ಕರೆಸಿಕೊಂಡಿದ್ದಾರೆ ಎಂದು ನಿನ್ನೆ ಫೋನಿನಲ್ಲಿ ಕೇಳಿದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮಾದಿಹಳ್ಳಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವಳಿಗೂ ಹೇಳಿಬಿಟ್ಟೆ — ನನ್ನ ಮೊಮ್ಮಗಳು ಕಣಮ್ಮಾ ಅಂತ. ಬೀದಿಗೆಲ್ಲ ಕೊಬ್ಬರಿ ಬೆಲ್ಲ ಹಂಚಿದೆ. ಆದರೆ ಫೋನ್ ಇಡುವ ಮುಂಚೆ ನೀನು ಒಂದು ಮಾತು ಅಂದೆ — "ನಮ್ಮೂರೋರಿಗೆ ಇದು ಬೇಕಾಗಿಲ್ಲ ಅಜ್ಜಿ. ಅಲ್ಲೂ ಅದನ್ನೇ ಹೇಳ್ತೀನಿ." ಅದು ಎದೆಯಲ್ಲಿ ಸಿಕ್ಕಿಕೊಂಡಿದೆ.

ಆ ದಿನಕ್ಕೆ ಮುಂಚೆ ನೀನು ಮನೆಮನೆಗೆ ಹೋಗಿ ಬಿಡಿಸಿ ಹೇಳಿದ್ದೆ. ಕೇಂದ್ರದಲ್ಲಿ ತೆಂಗಿನ ಮರ ಒಬ್ಬ ಮಂತ್ರಿಗೆ, ನಾರು ಇನ್ನೊಬ್ಬರಿಗೆ, ಹೊರದೇಶಕ್ಕೆ ಕಳಿಸುವುದು ಮತ್ತೊಬ್ಬರಿಗೆ. ಯಾರನ್ನು ಕೇಳಿದರೂ ನಮ್ಮದಲ್ಲ ಅನ್ನುತ್ತಾರೆ. ಸಚಿವಾಲಯಗಳನ್ನು ಸೇರಿಸಿ ಹೊಸದಾಗಿ ಜೋಡಿಸಿ ಎಂದು ನಾವೇ ಕೇಳಬೇಕು ಅಂತ. ಡೆಲ್ಲಿಯ ಸಮಿತಿಯವರು ಜನರ ಮಾತು ಕೇಳಲು ಅರಸೀಕೆರೆಗೆ ಬರುವ ದಿನ ಎಲ್ಲರೂ ಬರುತ್ತೇವೆ ಎಂದು ನಮ್ಮೂರ ಹೆಂಗಸರು ಅಂದಿದ್ದರು. ಮನಸ್ಸಿನಿಂದಲೇ ಅಂದಿದ್ದರು.

ನನಗೆ ಮಾತ್ರ ಅನುಮಾನ. ಪಕ್ಕದೂರಿನದಕ್ಕೆ ಸೇರಿಸುತ್ತೇವೆ ಎಂದೇ ಅಲ್ಲವೇ ನಮ್ಮ ಶಾಲೆಗೆ ಬೀಗ ಹಾಕಿದ್ದು? ನನ್ನ ವಿಧವಾ ವೇತನದ ಇಲಾಖೆಯನ್ನೂ ಹಾಗೆ ಎಲ್ಲಿಗೋ ಸೇರಿಸಿದರೆ — ನಿನ್ನನ್ನು ಮುಂದೆ ಬಿಟ್ಟು ಹಿಂದೆ ಯಾರೋ ನಿಂತಿದ್ದರೆ? ಮನೆಮನೆಗೆ ನಿನ್ನ ಜೊತೆ ಬರುತ್ತಿದ್ದ ಹಾಸನದ ಮೇಡಂ ನಮ್ಮನೆಯ ಕಾಫಿ ಬೇಡ ಅಂದಾಗ ಅದೂ ಅನುಮಾನವೇ. ನಿನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ.

ನೀನು ಸಭೆಯ ಏರ್ಪಾಡಿಗೆ ಹಿಂದಿನ ದಿನವೇ ಅರಸೀಕೆರೆಗೆ ಹೋದೆ. ನಾನು ಮುಯ್ಯಾಳು ಕರೆದೆ. ಯಾರ್ಯಾರ ಮನೆಯಲ್ಲಿ ಕೂತು ನಾನು ಕೊಬ್ಬರಿ ಬಿಡಿಸಿದ್ದೆನೋ ಅವರೆಲ್ಲ ನನಗೆ ಒಂದು ದಿನದ ಕೆಲಸ ತೀರಿಸಬೇಕು. ಕರೆದರೆ ಇಲ್ಲ ಅನ್ನುವಂತಿಲ್ಲ. ಪಕ್ಕದ ಮನೆಯ ಜಯಮ್ಮ ಬಾಗಿಲಲ್ಲೇ ನಿಂತಳು.

"ನಾಳೆ ನಿನ್ನ ಮೊಮ್ಮಗಳ ಜೊತೆ ಹೋಗೋದೈತಲ್ಲಕ್ಕಾ. ನಾಳಿದ್ದು ಬತ್ತೀವಿ."

"ನಿನ್ನ ಮನೆಗೆ ಬಂದಾಗ ನಾನು ದಿನ ನೋಡಿದ್ನೇನೇ?" ಅಂದೆ.

ಮಾರನೆಯ ದಿನ ಎಲ್ಲರೂ ನಮ್ಮ ಅಂಗಳದಲ್ಲಿದ್ದರು. ಡೆಲ್ಲಿಯೋರಾದ್ರೆ ಬೋಂಡ ಕೊಡ್ತಿದ್ರು, ಇವಳು ಉಪ್ಪಿಟ್ಟಿಗೇ ಮುಗಿಸಿದ್ಲು ಎಂದು ಜಯಮ್ಮ ಚುಚ್ಚಿದಳು. ಯಾರೂ ನಗಲಿಲ್ಲ. ಕಾಯಿ ಅಟ್ಟದಲ್ಲಿ ಇನ್ನೂ ಒಣಗಿರಲಿಲ್ಲ; ಒಣಗಿದ್ದರೆ ಅಲುಗಿಸಿದಾಗ ಒಳಗೆ ಕೊಬ್ಬರಿ ಗಿಟುಕು ಕಳಚಿಕೊಂಡು ಸದ್ದು ಮಾಡಬೇಕು, ಮಾಡುತ್ತಿರಲಿಲ್ಲ. ಒಡೆದರೆ ತಿರುಳು ಕರಟಕ್ಕೇ ಅಂಟಿ ಚೂರಾಗುತ್ತಿತ್ತು. ಆದರೂ ಒಡೆಸಿದೆ. ಬೇಕೆಂದೇ ತಡೆದಿದ್ದೇನೆ ಎಂದು ಅವರಿಗೂ ಗೊತ್ತಾಗಿರಬೇಕು — ತಲೆ ಬಗ್ಗಿಸಿ ಒಡೆಯುತ್ತಲೇ ಇದ್ದರು.

ಅವರು ಹಾಲು ಕರೆಯಲು ಎದ್ದು ಹೋದ ಮೇಲೆ ನೀನು ಬಂದೆ. ಖಾಲಿ ಕುರ್ಚಿಗಳ ಮುಂದೆ ಒಬ್ಬಳೇ ಮಾತಾಡಿ ಬಂದಿದ್ದೆ. ಯಾಕಜ್ಜಿ ಯಾರೂ ಬರಲಿಲ್ಲ ಅಂದೆ.

"ಅವರೇ ಇವತ್ತೇ ಬಿಡಿಸ್ತೀವಿ ಅಂತ ಬಂದ್ರು ಕಣೇ. ಅವರಿಗೆ ನಿನ್ನ ಡೆಲ್ಲಿ ಯಾಕೆ ಬೇಕು?"

ನೀನೊಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸಿದೆ. ಕೆಳಗಿಟ್ಟೆ. ಇವಳಿಗೆ ತಿಳಿದುಹೋಯಿತೇ ಎಂದು ಇಷ್ಟು ವರ್ಷ ನಿನ್ನ ಮುಖ ನೋಡುತ್ತಲೇ ಇದ್ದೆ. ನಿನ್ನೆಯ ಮಾತಿನಿಂದ ಗೊತ್ತಾಯಿತು, ನಿನಗೆ ತಿಳಿದಿರಲಿಲ್ಲ. ನೀನು ನನ್ನನ್ನು ನಂಬಿದ್ದೆ. ಅಂದಿನಿಂದ ನೀನು ಆ ಹೆಂಗಸರ ಹೊಸ್ತಿಲು ತುಳಿದಿಲ್ಲ. ಅವರು ನಿನ್ನನ್ನು ಕಂಡರೆ ನಾಚಿ ಪಕ್ಕಕ್ಕೆ ಸರಿಯುತ್ತಾರೆ. ನೀನು ಅದನ್ನು ತಾತ್ಸಾರ ಅಂದುಕೊಂಡೆ. ನಾನು ತಿದ್ದಲಿಲ್ಲ.

ನಾಳೆ ಅವರ ಮನೆಗಳಿಗೂ ಹೋಗುತ್ತೇನೆ. ನಿನಗೆ ಏನು ಹೇಳಿದ್ದೆ ಎಂದು ಅವರಿಗೂ ಹೇಳುತ್ತೇನೆ. ಬಯ್ದರೆ ಬಯ್ಯಲಿ. ನೀನೂ ನನ್ನ ಜೊತೆ ಮಾತು ಬಿಟ್ಟರೆ — ಬಿಡು. ಆದರೆ ಡೆಲ್ಲಿಯಲ್ಲಿ ನಮ್ಮೂರವರಿಗೆ ಬೇಕಾಗಿಲ್ಲ ಅನ್ನಬೇಡ ಮಗಳೇ. ಅವರು ಹೊರಟಿದ್ದರು, ನನ್ನ ಅಜ್ಜಿ ತಡೆದಳು ಅನ್ನು.